ಕಳ್ಳಿನಿಂದ ವಿನೆಗರ್: ಪಂಪ್ ಹಾಕಿದ ಜಾಡಿ ಮುಂದಿದೆ

ಸುಮ್ನೆ ಬಟ್ಟೆ ಕಟ್ಟಿಟ್ಟ ಜಾಡಿಯಲ್ಲಿ ಹುಳಿ, ಅಂದರೆ ಅಸಿಟಿಕ್ ಆಮ್ಲ, ಇನ್ನೂ 2 ಪರ್ಸೆಂಟಿನ ಆಸುಪಾಸಿನಲ್ಲೇ ಇದೆ. ಅಕ್ವೇರಿಯಂ ಪಂಪಿನಿಂದ ಗಾಳಿ ಊದುತ್ತಿರುವ ಜಾಡಿ ನಿನ್ನೆ 3.4 ತೋರಿಸಿತು. ಎರಡರಲ್ಲೂ ಒಂದೇ ಕಳ್ಳು, ತುಂಬಿದ್ದೂ ಒಂದೇ ದಿನ. ಹಳೇ ಬ್ಯಾಚಿನ ವಿನೆಗರನ್ನು ಹೆಪ್ಪಿಗೆಂದು ಎರಡಕ್ಕೂ ಅಷ್ಟಷ್ಟೇ ಹಾಕಿದ್ದೆ.

ಹೊಸದಾಗಿ ಓದುತ್ತಿರುವವರಿಗೆ ಹೇಳಿಬಿಡುತ್ತೇನೆ. ನಾವಿರುವುದು ಗೋವಾದ ವಾಸ್ಕೋದಲ್ಲಿ. ತೆಂಗಿನ ಕಳ್ಳಿಗೆ ಇಲ್ಲಿ ಸುರ್ ಅಂತಾರೆ. ಲೈಸೆನ್ಸ್ ಇರುವ ಒಬ್ಬರಿಂದ ಬೆಳಿಗ್ಗೆ ಇಳಿಸಿದ್ದನ್ನು ತರುತ್ತೇನೆ. ವಿಂದಾಲೂಗೆ ಇಲ್ಲಿಯವರು ಹಾಕುವುದು ಇದರ ವಿನೆಗರನ್ನೇ. ಬಟ್ಟಿ ಇಳಿಸುವ ಕೆಲಸ ಇದರಲ್ಲಿಲ್ಲ, ನಾನು ಅದಕ್ಕೆ ಕೈ ಹಾಕುವುದೂ ಇಲ್ಲ.

ಕಳ್ಳಿನಲ್ಲಿ ಆಲ್ಕೋಹಾಲ್ ಮಾಡುವುದು ಯೀಸ್ಟ್ ಮಾತ್ರ ಅಂತ ತುಂಬ ಜನ ಅಂದುಕೊಂಡಿರುತ್ತಾರೆ, ಅಲ್ವಾ? ಯೀಸ್ಟ್ ಇರುವುದು ನಿಜ. ಜೊತೆಗೆ ಜೈಮೋಮೊನಾಸ್ ಮೊಬಿಲಿಸ್ ಎಂಬ ಬ್ಯಾಕ್ಟೀರಿಯಾವೂ ಇರುತ್ತದೆ. ಮೆಕ್ಸಿಕೋದ ಕತ್ತಾಳೆ ಹೆಂಡ ಪುಲ್ಕೆಯಲ್ಲಿ ಜರ್ಮನಿಯ ಪಾಲ್ ಲಿಂಡ್ನರ್ 1920ರ ದಶಕದಲ್ಲಿ ಇದನ್ನು ಪತ್ತೆ ಹಚ್ಚಿದರು. ಒಂದು ಗ್ಲೂಕೋಸ್ ಅಣುವಿನಿಂದ ಯೀಸ್ಟಿಗೆ 2 ಎಟಿಪಿ (ಜೀವಕೋಶ ಖರ್ಚು ಮಾಡುವ ಶಕ್ತಿಯ ಅಣು) ಸಿಕ್ಕರೆ ಇದಕ್ಕೆ ಸಿಗುವುದು ಒಂದೇ. ಹಾಗಾಗಿ ಗಬಗಬನೆ ಸಕ್ಕರೆ ತಿನ್ನುತ್ತದೆ, ಆದರೆ ಮೈ ಬೆಳೆಯುವುದು ಕಡಿಮೆ. ತಿಂದದ್ದು ಬಹುಪಾಲು ಇಥೆನಾಲ್ ಆಗಿ ಹೊರಬರುತ್ತದೆ. ಇಥೆನಾಲ್ ಕಾರ್ಖಾನೆಯವರಿಗೆ ಇದರ ಮೇಲೆ ಕಣ್ಣಿರುವುದು ಅದಕ್ಕೇ. ಆದರೆ ಇದು ಊಟದಲ್ಲಿ ಭಾರಿ ಚೂಸಿ. ಗ್ಲೂಕೋಸ್, ಫ್ರಕ್ಟೋಸ್, ಸುಕ್ರೋಸ್ ಬಿಟ್ಟರೆ ಬೇರೆ ಸಕ್ಕರೆ ಮುಟ್ಟುವುದಿಲ್ಲ. ಹುಲ್ಲು, ಕಬ್ಬಿನ ಸಿಪ್ಪೆಯಿಂದ ಬರುವ ಕ್ಸೈಲೋಸನ್ನು ಇದಕ್ಕೆ ತಿನ್ನಿಸಲು ಅಮೆರಿಕದವರು ಹೊರಗಿನ ಜೀನ್‌ಗಳನ್ನು ಸೇರಿಸಬೇಕಾಯಿತು. ಅದು 1995ರ ಸುದ್ದಿ.

ಇಲ್ಲಿಯವರೆಗೆ ಗಾಳಿ ಬೇಕಿಲ್ಲ. ಆಲ್ಕೋಹಾಲನ್ನು ಹುಳಿ ಮಾಡುವ ಬ್ಯಾಕ್ಟೀರಿಯಾ ಅಸಿಟೋಬ್ಯಾಕ್ಟರ್ ಕೈಗೆ ಹೋದ ಮೇಲೆ ಗಾಳಿಯೇ ಎಲ್ಲ. ಒಂದು ಲೀಟರ್ ಕಳ್ಳಿನಲ್ಲಿ 5 ಪರ್ಸೆಂಟ್ ಆಲ್ಕೋಹಾಲ್ ಇದೆ ಅಂದುಕೊಳ್ಳಿ. ಅಂದರೆ 39 ಗ್ರಾಂ ಚಿಲ್ಲರೆ. 46 ಗ್ರಾಂ ಇಥೆನಾಲ್ ಅಸಿಟಿಕ್ ಆಮ್ಲವಾಗಲು 32 ಗ್ರಾಂ ಆಮ್ಲಜನಕ ಬೇಕು. ಆ ಲೆಕ್ಕದಲ್ಲಿ ನಮ್ಮ ಲೀಟರಿಗೆ ಸುಮಾರು 27 ಗ್ರಾಂ. ನಮ್ಮ ಸೆಕೆಯಲ್ಲಿ ಒಂದು ಲೀಟರ್ ನೀರು ಒಂದು ಹೊತ್ತಿಗೆ ಹಿಡಿದುಕೊಳ್ಳುವ ಆಮ್ಲಜನಕ 7ರಿಂದ 8 ಮಿಲಿಗ್ರಾಂ, ಅಷ್ಟೇ! ಅದು ಮೂರು ಸಾವಿರ ಸಲಕ್ಕೂ ಜಾಸ್ತಿ ಖಾಲಿಯಾಗಿ ತುಂಬಬೇಕು. ಬಟ್ಟೆ ಕಟ್ಟಿದ ಜಾಡಿಯಲ್ಲಿ ಬ್ಯಾಕ್ಟೀರಿಯಾ ಮೇಲೆ ಬಂದು ಕೆನೆಯಂತೆ ಪದರ ಕಟ್ಟುವುದೂ ಗಾಳಿಗಾಗಿಯೇ.

ಗುಳ್ಳೆ ಊದಿದರೆ ಕೆಲಸ ಬೇಗ ಆಗುತ್ತದೆ, ಆದರೆ ಆಲ್ಕೋಹಾಲೂ ಗಾಳಿಯ ಜೊತೆ ಹಾರಿಹೋಗುತ್ತದೆ. 5 ಪರ್ಸೆಂಟ್ ಆಲ್ಕೋಹಾಲಿಗೆ ಲೆಕ್ಕದ ಪ್ರಕಾರ 5ರಷ್ಟೇ ಹುಳಿ ಬರಬೇಕು. ಅಷ್ಟು ಬರುವುದಿಲ್ಲ. ಈಗ ಪಂಪಿನ ವಾಲ್ವ್ ಅರ್ಧ ತಿರುಗಿಸಿ, ಕಲ್ಲಿನ ಡಿಫ್ಯೂಸರ್ ಹಾಕಿದ್ದೇನೆ. ಗುಳ್ಳೆ ಸಣ್ಣದಾದಷ್ಟೂ ಕಡಿಮೆ ಗಾಳಿ ಸಾಕು. ಮಧ್ಯೆ ಒಂದು ದಿನ ಬಟ್ಟೆಯ ಜಾಡಿಯಿಂದ ಬೇರೆಯದೇ ವಾಸನೆ ಬಂತು. 'ರೀ, ನೇಲ್ ಪಾಲಿಶ್ ರಿಮೂವರ್ ಚೆಲ್ಲಿದ್ರಾ?' ಎಂದು ಮನೆಯವಳು ಕೇಳಿದಳು. ಅದು ಈಥೈಲ್ ಅಸಿಟೇಟ್. ಉಳಿದ ಆಲ್ಕೋಹಾಲ್ ಮತ್ತು ಹೊಸ ಆಮ್ಲ ಸೇರಿದರೆ ಆಗುವಂಥದ್ದು. ಈಗ ಕಡಿಮೆಯಾಗಿದೆ.

ಕರೆಂಟ್ ಹೋದಾಗ ಮಾತ್ರ ಜೀವ ಬಾಯಿಗೆ ಬರುತ್ತದೆ. ಕಾರ್ಖಾನೆಯ ಟ್ಯಾಂಕಿನಲ್ಲಿ ಆಮ್ಲ 10 ಪರ್ಸೆಂಟ್ ದಾಟಿರುವಾಗ ಒಂದೆರಡು ನಿಮಿಷ ಗಾಳಿ ನಿಂತರೂ ಬ್ಯಾಕ್ಟೀರಿಯಾ ರಾಶಿ ರಾಶಿ ಸಾಯುತ್ತದೆ. ನನ್ನ ಜಾಡಿಯ ಹುಳಿ ಕಡಿಮೆ, ಆದ್ದರಿಂದ ತಡೆದುಕೊಂಡಿದೆ. ಆದರೂ ಬ್ಯಾಟರಿಯ ಪಂಪ್ ಒಂದನ್ನು ತಂದಿಟ್ಟೆ.

ಅಳೆಯುವ ರೀತಿ ಹಳೆಯದೇ. 5 ಎಂಎಲ್ ವಿನೆಗರಿಗೆ ನೀರು ಬೆರೆಸಿ, ಆಮ್ಲ ಮುಗಿದೊಡನೆ ಗುಲಾಬಿ ಆಗುವ ಫೀನಾಲ್ಫ್ತಲೀನ್ ಎರಡು ಹನಿ ಹಾಕಿ, 0.1 ನಾರ್ಮಲ್ ಸಾಂದ್ರತೆಯ ಕಾಸ್ಟಿಕ್ ಸೋಡಾ ದ್ರಾವಣ ಬಿಡುತ್ತಾ ಹೋಗುವುದು. ಅದರ ಪ್ರತಿ ಎಂಎಲ್‌ಗೆ 0.006 ಗ್ರಾಂ ಆಮ್ಲ. ನಿನ್ನೆ ಗುಲಾಬಿ ಬಣ್ಣ ನಿಂತಿದ್ದು 28.3 ಎಂಎಲ್‌ಗೆ. ಅಂದರೆ 5 ಎಂಎಲ್‌ನಲ್ಲಿ 0.17 ಗ್ರಾಂ ಆಮ್ಲ, ಅದೇ 3.4 ಪರ್ಸೆಂಟ್. ನಮ್ಮ ಆಹಾರ ನಿಯಮದಲ್ಲಿ ವಿನೆಗರಿಗೆ ಕನಿಷ್ಠ 3.75 ಪರ್ಸೆಂಟ್ ಬೇಕು.

ನಿಲ್ಲಿಸುವುದು ಯಾವಾಗ ಎನ್ನುವುದೇ ಈಗ ಯೋಚನೆ. ಆಲ್ಕೋಹಾಲ್ ಪೂರ್ತಿ ಮುಗಿದರೆ ಇದೇ ಬ್ಯಾಕ್ಟೀರಿಯಾ ತಾನು ಮಾಡಿದ ಆಮ್ಲವನ್ನೇ ಸುಟ್ಟು ಇಂಗಾಲದ ಡೈಆಕ್ಸೈಡ್, ನೀರು ಮಾಡಿಬಿಡುತ್ತದೆ. ಹುಳಿ ಏರಿದ್ದು ಇಳಿಯತೊಡಗುತ್ತದೆ. ಅದಕ್ಕೆ ಆಲ್ಕೋಹಾಲ್ ಒಂದಿಷ್ಟು ಉಳಿದಿರುವಾಗಲೇ ಪಂಪ್ ತೆಗೆದು, ಸೋಸಿ, ಬಾಟಲಿಗೆ ಕಂಠದವರೆಗೂ ತುಂಬಬೇಕು. ಇನ್ನು ಮೇಲೆ ದಿನಾ ಅಳೆಯುತ್ತೇನೆ.

ಮುಂದಿನ ಪ್ರಯೋಗ ಗ್ಲುಕೋನೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾದ್ದು. ಅಸಿಟೋಬ್ಯಾಕ್ಟರಿನ ನೆಂಟನೇ. ಗ್ಲಿಸರಿನ್ ಕೂಡ ಒಂದು ಆಲ್ಕೋಹಾಲ್ ತಾನೆ? ಅದನ್ನು ಇದು ಡೈಹೈಡ್ರಾಕ್ಸಿಅಸಿಟೋನ್ ಮಾಡುತ್ತದೆ. ಬಿಸಿಲಿಗೆ ಹೋಗದೆ ಚರ್ಮ ಕಂದು ಮಾಡುವ ಕ್ರೀಮುಗಳಲ್ಲಿ ಇರುವುದು ಇದೇ. ಸೋರ್ಬಿಟಾಲನ್ನು ಸೋರ್ಬೋಸ್ ಮಾಡುವುದೂ ಈ ಬ್ಯಾಕ್ಟೀರಿಯಾವೇ. ಸ್ವಿಟ್ಜರ್ಲೆಂಡಿನ ರಸಾಯನಶಾಸ್ತ್ರಜ್ಞ ರೈಶ್‌ಸ್ಟೈನ್ 1930ರ ದಶಕದಲ್ಲಿ ರೂಪಿಸಿದ ವಿಟಮಿನ್ ಸಿ ತಯಾರಿಕೆ ನಿಂತಿರುವುದು ಆ ಒಂದು ಹೆಜ್ಜೆಯ ಮೇಲೆ. ಇಂಥ ತಳಿಗಳ ಸಂಗ್ರಹ ಪುಣೆಯ ರಾಷ್ಟ್ರೀಯ ರಸಾಯನ ಪ್ರಯೋಗಾಲಯದಲ್ಲಿ (ಎನ್‌ಸಿಎಲ್) ಇದೆ, ಹೆಸರು ಎನ್‌ಸಿಐಎಂ ಅಂತ. ಅಲ್ಲಿ ವಿಚಾರಿಸುವ ಮೊದಲು ಈ ಜಾಡಿ 3.75 ದಾಟಲಿ.