ಭೀಮೆಯ ಕುದುರೆ, ಪುಣೆಯ ಚಳಿ

ಧಾರವಾಡದಲ್ಲಿ ರಾತ್ರಿ ಬಸ್ ಹತ್ತಿದವಳು ಪುಣೆಯ ಕಾತ್ರಜ್‌ನಲ್ಲಿ ಇಳಿದಾಗ ಬೆಳಗಿನ ಐದೂವರೆ. ಜನವರಿಯ ಮೊದಲ ವಾರ. ಚಹಾ ಗಾಡಿಯ ಸ್ಟೋವ್ ಸುತ್ತ ಜನ ಕೈ ಚಾಚಿಕೊಂಡು ನಿಂತಿದ್ದರು. ಮೌಶಿ, ಅಂದರೆ ನನ್ನ ಚಿಕ್ಕಮ್ಮ, ಕಿವಿಗೆ ಮಫ್ಲರ್ ಸುತ್ತಿಕೊಂಡು ಸ್ಕೂಟರ್ ಮೇಲೆ ಕಾಯುತ್ತಿದ್ದಳು.

"ಒಂಬತ್ತು ಡಿಗ್ರಿ ಐತಿ ನೋಡವಾ ಇವತ್ತ. ಆ ಶಾಲು ತಲಿ ಮ್ಯಾಲೆ ಹೊತ್ಕೊ," ಅಂದಳು.

ಮೌಶಿ ಮದುವೆಯಾಗಿ ಪುಣೆಗೆ ಬಂದು ಇಪ್ಪತ್ತು ವರ್ಷ ದಾಟಿತು. ಗೇಟಿನ ಆಚೆ ಮರಾಠಿ, ಈಚೆ ಪಕ್ಕಾ ಧಾರವಾಡ ಕನ್ನಡ. ಅವಳ ಮಗಳಿಗೆ ಹದಿಮೂರು. ಮನೆಯಲ್ಲಿ ಚಿನ್ನಿ ಅಂತ ಕರೆಯುತ್ತೇವೆ. ಎರಡು ವರ್ಷದಿಂದ ಕುದುರೆ ಸವಾರಿ ಕಲಿಯುತ್ತಿದ್ದಾಳೆ. ಫೋನ್ ಮಾಡಿದಾಗಲೆಲ್ಲ ಒಂದೇ ಮಾತು: "ಥಂಡ್ಯಾಗ ಬಾ ಅಕ್ಕಾ. ಆವಾಗ ಕುದುರಿ ಮೈತುಂಬ ಕೂದಲಾ ಬಂದು ಟೆಡ್ಡಿ ಬೇರ್ ಆಗಿರ್ತಾವ." ಆ ಮಾತಿಗೇ ನಾನು ನಾಲ್ಕು ದಿನ ರಜೆ ಹಾಕಿ ಬಂದಿದ್ದೆ.

ಮೊದಲ ದಿನ ಊರು ನೋಡುವುದರಲ್ಲಿ ಕಳೆಯಿತು. ಶನಿವಾರವಾಡೆಯ ಮುಂದೆ ಮೊದಲನೇ ಬಾಜೀರಾವ್ ಕುದುರೆ ಏರಿದ ಪ್ರತಿಮೆ ಇದೆ. ಚಿನ್ನಿ ಪೇಶ್ವೆಯನ್ನು ಬಿಟ್ಟು ಕುದುರೆಯ ಕಾಲನ್ನೇ ನೋಡುತ್ತ ನಿಂತಳು. ರೇಸ್ ಕೋರ್ಸ್ ಕಡೆ ಹೋಗೋಣವೇ ಅಂತ ಕೇಳಿದೆ. ಈಗ ಅಲ್ಲಿ ರೇಸ್ ಇರುವುದಿಲ್ಲವಂತೆ. ಪುಣೆಯ ರೇಸು ಮಳೆಗಾಲದಲ್ಲಿ. ಚಳಿಗಾಲ ಬಂದರೆ ಆಟವೆಲ್ಲ ಮುಂಬೈನ ಮಹಾಲಕ್ಷ್ಮಿಗೆ ಹೋಗುತ್ತದೆ. ಫೆಬ್ರವರಿ ಮೊದಲ ಭಾನುವಾರ ಅಲ್ಲೇ ಇಂಡಿಯನ್ ಡರ್ಬಿ ಅನ್ನುವ ದೊಡ್ಡ ರೇಸು.

ಮರುದಿನ ನಸುಕಿನಲ್ಲೇ ಎದ್ದು ಖಡಕ್‌ವಾಸ್ಲಾ ಕಡೆ ಹೊರಟೆವು. ಮುಠಾ ನದಿಗೆ ಕಟ್ಟಿದ ಅಣೆಕಟ್ಟು ಅಲ್ಲಿದೆ. ನೀರಿನ ಮೇಲೆ ಮಂಜು ಹಾಸಿಕೊಂಡಿತ್ತು. ಅದರಾಚೆ ಸಿಂಹಗಡದ ತುದಿಯಷ್ಟೇ ಕಾಣುತ್ತಿತ್ತು. ಊರಿನೊಳಗಿಗಿಂತ ಇಲ್ಲಿ ಚಳಿ ಜಾಸ್ತಿ. ರಸ್ತೆಯಿಂದ ಒಳಗೆ ಹೋದರೆ ತಗಡಿನ ಸೂರು, ಕಲ್ಲಿನ ಗೋಡೆ, ಸಾಲಾಗಿ ಹನ್ನೊಂದು ಕುದುರೆ. ನಮ್ಮ ಸ್ಕೂಟರ್ ಸದ್ದಿಗೆ ಹನ್ನೊಂದು ಮುಖಗಳೂ ಈಚೆ ಬಂದವು. ಮೂಗಿನಿಂದ ಬಿಳಿ ಹಬೆ.

"ಬಂದ್ರೇನ್ ತಂಗಿ? ಯಾವೂರು ನಿಮ್ಮದು?"

ಕನ್ನಡ! ತಿರುಗಿ ನೋಡಿದರೆ ಅರವತ್ತು ದಾಟಿದ ಹಿರಿಯರು, ತಲೆಗೆ ಟವೆಲ್, ಕೈಯಲ್ಲಿ ಕುದುರೆಯ ಮೈ ಉಜ್ಜುವ ಖರಾರ. ಅವರನ್ನು ಎಲ್ಲರೂ ಕಾಕಾ ಅಂತಲೇ ಕರೆಯುವುದು. ವಿಜಯಪುರ ಜಿಲ್ಲೆಯ ಇಂಡಿ ತಾಲೂಕಿನವರು. ಹುಡುಗನಾಗಿದ್ದಾಗ ಕೆಲಸ ಹುಡುಕಿಕೊಂಡು ಪುಣೆಗೆ ಬಂದವರು, ಅಂದಿನಿಂದ ಕುದುರೆಗಳ ಜೊತೆಯೇ ಇದ್ದಾರೆ. ಧಾರವಾಡ ಅಂದದ್ದೇ ತಡ, ಚಹಾ ಬಂತು.

ಕಾಕಾ ನನಗೆ ಮೊದಲು ತೋರಿಸಿದ್ದು ಚಂದ್ರಿಯನ್ನು. ಗಿಡ್ಡ ಹೆಣ್ಣು ಕುದುರೆ, ಮಣ್ಣಿನ ಬಣ್ಣ, ಹಣೆಯಲ್ಲಿ ಬಿಳಿ ಚುಕ್ಕೆ. ಭೀಮಥಡಿ ತಳಿಯದು. ಭೀಮಥಡಿ ಅಂದರೆ ಭೀಮೆಯ ದಡ. ಮರಾಠರ ಸೈನ್ಯ ದೂರದೂರ ಓಡಿದ್ದು ಈ ಥರದ ಗಟ್ಟಿ ಕಾಲಿನ ಸಣ್ಣ ಕುದುರೆಗಳ ಮೇಲೆ. ಈಗ ಧನಗರರು, ಅಂದರೆ ಇಲ್ಲಿನ ಕುರಿಗಾರರು, ಹೊರೆ ಹೊರಿಸಲು ಸಾಕುತ್ತಾರೆ. ನೋಡಿದ ಕೂಡಲೇ ನನಗೆ ಗುರುತು ಸಿಕ್ಕಿತು. ಧಾರವಾಡದ ಸುತ್ತ ಸುಗ್ಗಿಯ ಹೊತ್ತಿಗೆ ಕುರುಬರು ಕುರಿ ಹಿಂಡು ಹೊಡೆದುಕೊಂಡು ಬರುತ್ತಾರಲ್ವಾ, ಹಿಂಡಿನ ಜೊತೆ ಕಂಬಳಿ, ಪಾತ್ರೆ, ಆಗತಾನೇ ಹುಟ್ಟಿದ ಮರಿ ಎಲ್ಲ ಹೊತ್ತು ನಡೆಯುವ ಆ ಕುದುರೆ. ಚಿಕ್ಕವಳಿದ್ದಾಗಿನಿಂದ ನೋಡಿದ್ದೇನೆ. ಒಂದು ದಿನವೂ ಹತ್ತಿರ ಹೋಗಿ ಮುಟ್ಟಿರಲಿಲ್ಲ.

"ಭೀಮಿ ಇಲ್ಲೇ ಭೀಮಾಶಂಕರದಾಗ ಹುಟ್ಟಿ ನಮ್ಮ ಇಂಡಿ ಕಡೆ ಬರ್ತಾಳ್ರೀ. ಇಕಿ ನಮ್ಮ ಹೊಳಿ ನೀರಿನಾಕಿ," ಅಂದರು ಕಾಕಾ, ಚಂದ್ರಿಯ ಕೊರಳು ತಟ್ಟುತ್ತ.

ನನ್ನ ಕೈ ಹಿಡಿದು ಅವಳ ಪಕ್ಕೆಯ ಮೇಲೆ ಇಟ್ಟರು. ಬೆರಳು ಎರಡನೇ ಗೆಣ್ಣಿನವರೆಗೆ ಕೂದಲೊಳಗೆ ಮುಳುಗಿತು. ಹೊರಗೆ ಕೂದಲಿನ ತುದಿ ತಣ್ಣಗೆ, ಇಬ್ಬನಿ ಹನಿ ಕೂಡ ಇತ್ತು. ಒಳಗೆ ಚರ್ಮ ಮಾತ್ರ ಬಿಸಿ ರೊಟ್ಟಿಯಷ್ಟು ಬೆಚ್ಚಗೆ. ಚಳಿಗೆ ಕೂದಲು ನಿಮಿರಿ ನಿಲ್ಲುತ್ತದೆ. ನಡುವೆ ಸಿಕ್ಕಿಕೊಂಡ ಗಾಳಿಯೇ ಅದಕ್ಕೆ ರಜಾಯಿ. ಈ ಕೂದಲು ಬೆಳೆಯಲು ಚಳಿ ಬರುವವರೆಗೆ ಕಾಯುವುದೂ ಇಲ್ಲ. ಹಗಲು ಚಿಕ್ಕದಾಗುತ್ತ ಬಂದಂತೆ ಮೈಯೇ ತಿಳಿದುಕೊಂಡು ಬೆಳೆಸುತ್ತದೆ. ಇಂಥ ಕುದುರೆಗೆ ಪ್ರೀತಿಯಿಂದ ತೆಳ್ಳನೆ ಹೊದಿಕೆ ಹಾಕಿದರೆ ಉಪಕಾರಕ್ಕಿಂತ ಅಪಕಾರವೇ ಜಾಸ್ತಿ. ಕೂದಲು ಒತ್ತಿ ಕೂರುತ್ತದೆ, ಗಾಳಿ ನಿಲ್ಲುವುದಿಲ್ಲ. ಮೈ ಒದ್ದೆಯಾದರೂ ಅಷ್ಟೇ.

ಪಕ್ಕದ ಸುಲ್ತಾನನ ಕಥೆ ಬೇರೆ. ಅವನು ಥರೋಬ್ರೆಡ್, ಅಂದರೆ ರೇಸಿನ ತಳಿ, ಒಂದು ಕಾಲಕ್ಕೆ ಮಹಾಲಕ್ಷ್ಮಿಯಲ್ಲಿ ಓಡಿದವನು. ಈಗ ಇಪ್ಪತ್ತೆರಡು ವರ್ಷ. ತೆಳು ಚರ್ಮ, ಸವೆದ ಹಲ್ಲು, ಎದ್ದು ಕಾಣುವ ಬೆನ್ನು. ಅವನಿಗೆ ರಾತ್ರಿ ಕಂಬಳಿ ಬೇಕೇ ಬೇಕು. ಆದರೆ ಪುಣೆಯ ಚಳಿ ಬೆಳಿಗ್ಗೆ ಒಂದು ಥರ, ಮಧ್ಯಾಹ್ನ ಒಂದು ಥರ. ನಸುಕಿನಲ್ಲಿ ಒಂಬತ್ತು ಡಿಗ್ರಿ ಇದ್ದದ್ದು ಎರಡು ಗಂಟೆಗೆ ಇಪ್ಪತ್ತೆಂಟಕ್ಕೆ ಏರುತ್ತದೆ. ಬಿಸಿಲೇರಿದ ಮೇಲೂ ಕಂಬಳಿ ಇದ್ದರೆ ಒಳಗೊಳಗೇ ಬೆವೆತು, ಸಂಜೆ ಆ ಬೆವರೇ ತಣ್ಣಗಾಗಿ ನಡುಕ ಹುಟ್ಟಿಸುತ್ತದೆ. ಎಂಟೂವರೆಗೆ ಚಿನ್ನಿ ಕಂಬಳಿಯ ಕೆಳಗೆ, ಭುಜದ ಹತ್ತಿರ ಕೈ ತೂರಿಸಿ ನೋಡಿದಳು. "ಬೆಚ್ಚಗೈತಿ, ಒದ್ದಿಲ್ಲ," ಅಂದು ಬಕಲ್ ಬಿಚ್ಚಿದಳು. ಹದಿಮೂರರ ಹುಡುಗಿ ಇಷ್ಟು ಜವಾಬ್ದಾರಿಯಿಂದ ಮಾಡುವುದನ್ನು ನೋಡಿ ನನಗೆ ಹೆಮ್ಮೆ ಅನ್ನಿಸಿತು.

ಹೊಸದಾಗಿ ಸೇರಿದ ಹುಡುಗನೊಬ್ಬ ಹಿಂದಿನ ರಾತ್ರಿ ಪಾಪ ಅಂದುಕೊಂಡು ಕಿಟಕಿಗಳಿಗೆಲ್ಲ ಗೋಣಿಚೀಲ ತುರುಕಿದ್ದ. ಕಾಕಾ ಬೈಯಲಿಲ್ಲ. ಅವನನ್ನು ಲಾಯದೊಳಗೆ ಕರೆದು, ಕುದುರೆಯ ಮೂಗಿನ ಎತ್ತರಕ್ಕೆ ಬಗ್ಗಿ ಉಸಿರೆಳೆದುಕೋ ಅಂದರು. ಗಂಜಳದ ಘಾಟಿಗೆ ಅವನ ಕಣ್ಣಲ್ಲಿ ನೀರು ಬಂತು. ಕುದುರೆ ಬಾಯಿಂದ ಉಸಿರಾಡುವುದಿಲ್ಲ, ಮೂಗೊಂದೇ ದಾರಿ. ಆ ಅಮೋನಿಯಾ ನೇರ ಶ್ವಾಸಕೋಶಕ್ಕೆ ಹೋಗುತ್ತದೆ. ಮೈಗೆ ಗಾಳಿ ಬಡಿಯಬಾರದು, ಆದರೆ ಮೇಲಿನ ಕಿಂಡಿ ತೆರೆದೇ ಇರಬೇಕು. ಚೀಲಗಳು ಇಳಿದವು, ಒದ್ದೆ ಹುಲ್ಲು ಹೊರಗೆ ಹೋಯಿತು.

ಸವಾರಿಗೆ ಮೊದಲು ಕಾಕಾ ಕಡಿವಾಣದ ಕಬ್ಬಿಣವನ್ನು ಎರಡೂ ಅಂಗೈಯಲ್ಲಿ ಮುಚ್ಚಿ ಹಿಡಿದು, ಹಾ ಹಾ ಅಂತ ಉಸಿರು ಬಿಟ್ಟರು. ಆಮೇಲೆ ತಮ್ಮ ಕೆನ್ನೆಗೆ ಒತ್ತಿ ನೋಡಿದರು. ಇನ್ನೂ ತಣ್ಣಗಿತ್ತು, ಮತ್ತೆ ಉಜ್ಜಿದರು. ರಾತ್ರಿಯಿಡೀ ಗೂಟದಲ್ಲಿ ತೂಗಿದ ಕಬ್ಬಿಣವನ್ನು ಹಾಗೇ ನಾಲಿಗೆ ಮೇಲೆ ಇಟ್ಟರೆ ಯಾರಿಗೆ ತಾನೇ ಹಿತ? ಚಂದ್ರಿ ತಾನಾಗಿಯೇ ಬಾಯಿ ತೆರೆದಳು.

ನಾನು ಚಂದ್ರಿಯ ಮೇಲೆ, ಚಿನ್ನಿ ಮುಂದೆ ಇನ್ನೊಂದು ಕುದುರೆಯ ಮೇಲೆ. ಮೊದಲ ಹದಿನೈದು ನಿಮಿಷ ಬರೀ ನಡಿಗೆ. ಚಳಿಗೆ ಬಿಗಿದ ಸ್ನಾಯು ಸಡಿಲಾಗಲು ಅಷ್ಟು ಹೊತ್ತು ಬೇಕು. ಕಬ್ಬಿನ ಗದ್ದೆ, ಆಮೇಲೆ ನೀರಿನ ಅಂಚು. ಜೀನಿನ ಕೆಳಗಿನ ಬಿಸಿ ನನ್ನ ಕಾಲಿಗೆ ಏರಿ ಬಂತು. ಸೂರ್ಯ ಬೆಟ್ಟ ದಾಟಿದಾಗ ಮಂಜು ಚೂರುಚೂರಾಗಿ ಸರಿಯಿತು. ಚಂದ್ರಿ ಕಿವಿ ಮುಂದೆ ಮಾಡಿ, ಕರೆಯದೆಯೇ ದುಡುಕಿ ಓಡತೊಡಗಿದಳು. ಅವಳಿಗೂ ಆ ಬೆಳಗು ಹಿಡಿಸಿತ್ತು ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ. ತಿರುಗಿ ಬರುವಾಗ ಮತ್ತೆ ನಿಧಾನ. ಎದೆಯ ಬೆವರು ಒಣಗುವವರೆಗೆ ನಡೆಸಿ, ಒಣಹುಲ್ಲಿನ ಹಿಡಿಯಿಂದ ಮೈ ಉಜ್ಜಿದೆವು. ಕೊನೆಗೆ ಗೊರಸಿನ ಸಂದಿಯ ಸಗಣಿ, ಕಲ್ಲು ತೆಗೆದದ್ದು. ಅದು ದಿನಾ ಮಾಡಲೇಬೇಕಾದ ಕೆಲಸ.

ಮೂರನೇ ದಿನ ಬೆಳಿಗ್ಗೆ ಹೋದಾಗ ಕಾಕಾ ಚಂದ್ರಿಯ ಬಕೆಟ್ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದರು. ರಾತ್ರಿ ಇಟ್ಟ ನೀರು ಇಟ್ಟಂತೆಯೇ ಇತ್ತು. ಲದ್ದಿ ಸ್ವಲ್ಪ, ಅದೂ ಅಡಿಕೆಯಂತೆ ಸಣ್ಣಗೆ, ಒಣಗಿದ್ದು. ಕಾಕಾ ಅವಳ ಹೊಟ್ಟೆಗೆ ಕಿವಿ ಹಚ್ಚಿ ಬಹಳ ಹೊತ್ತು ನಿಂತರು.

"ಬಲಗಡೆ ಸಪ್ಪಳ ಕಮ್ಮಿ ಐತಿ," ಅಂದರು. ಆ ದನಿಗೆ ಚಿನ್ನಿಯ ಮುಖ ಬಾಡಿತು.

ಚಳಿಗಾಲದಲ್ಲಿ ಕುದುರೆಗೆ ಬರುವ ನಿಜವಾದ ಅಪಾಯ ಇದು. ನಾವು ನಡುಕದ ಬಗ್ಗೆ ಯೋಚಿಸುತ್ತೇವೆ, ಅದು ಸುಮ್ನೆ ನೀರು ಕುಡಿಯುವುದನ್ನು ಕಮ್ಮಿ ಮಾಡಿರುತ್ತದೆ. ದಿನಕ್ಕೆ 25 ಲೀಟರಿಗೂ ಹೆಚ್ಚು ನೀರು ಬೇಕಾದ ಪ್ರಾಣಿ. ನೀರು ತೀರಾ ತಣ್ಣಗಿದ್ದರೆ ಮೂತಿ ತಾಗಿಸಿ ಹಿಂದೆ ಸರಿಯುತ್ತದೆ. ಒಣಹುಲ್ಲು ಮಾತ್ರ ತಿನ್ನುತ್ತಲೇ ಇರುತ್ತದೆ. ಆ ಹುಲ್ಲು ಕರುಳಿನಲ್ಲಿ ಒಣಗಿ ಕಟ್ಟಿಕೊಂಡರೆ ಶೂಲೆ, ಅಂದರೆ ತೀವ್ರ ಹೊಟ್ಟೆನೋವು. ಕುದುರೆಗೆ ವಾಂತಿ ಮಾಡಲೂ ಬರುವುದಿಲ್ಲ. ಹೊತ್ತು ಕಳೆದಷ್ಟೂ ಜೀವಕ್ಕೆ ಕುತ್ತು.

ಕಾಕಾ ತಕ್ಷಣ ಡಾಕ್ಟರಿಗೆ ಫೋನ್ ಮಾಡಿದರು. ಅವರು ಬರುವವರೆಗೆ ಚಿನ್ನಿ ದವಡೆಯ ಕೆಳಗೆ ಬೆರಳಿಟ್ಟು ನಾಡಿ ಎಣಿಸಿದಳು. ನಿಮಿಷಕ್ಕೆ ನಲವತ್ತು. ಸುಮ್ಮನೆ ನಿಂತ ಕುದುರೆಗೆ 28ರಿಂದ 44ರವರೆಗೆ ಇರಬಹುದು ಅಂತ ಅವಳೇ ಹೇಳಿದಳು. ತುಟಿ ಎತ್ತಿ ಒಸಡು ಒತ್ತಿ ಬಿಟ್ಟಳು. ಬಿಳಿಯಾದ ಜಾಗ ಎರಡು ಸೆಕೆಂಡಿನಲ್ಲಿ ಮತ್ತೆ ಗುಲಾಬಿ ಆಯಿತು, ಅಂದರೆ ರಕ್ತದ ಓಡಾಟ ಸರಿಯಾಗಿದೆ. ಒಂಬತ್ತಕ್ಕೆ ಡಾಕ್ಟರ್ ಬಂದು ಸ್ಟೆತಾಸ್ಕೋಪ್ ಇಟ್ಟು ಕೇಳಿದರು. ಕರುಳು ನಿಧಾನವಾಗಿದೆ, ನಿಂತಿಲ್ಲ ಅಂದರು. ಮೂಗಿನಿಂದ ನಳಿಕೆ ಹಾಕುವಷ್ಟು ಆಗಿಲ್ಲ. ಹುರುಳಿ, ಓಟ್ಸ್ ಯಾವುದೂ ಬೇಡ, ಉಗುರುಬೆಚ್ಚಗಿನ ನೀರು ಇಡಿ, ನಡೆಸಿ. ಬಾಯಿಗೆ ಬಾಟಲಿಯಿಂದ ಏನನ್ನೂ ಸುರಿಯಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ ಅಂತ ಎರಡು ಸಲ ಹೇಳಿದರು.

ಮೂರು ಕಲ್ಲು ಹೂಡಿ ಒಲೆ ಹಚ್ಚಿದೆವು. ಬಿಸಿ ನೀರು ತಣ್ಣೀರಿಗೆ ಬೆರೆಸಿ, ಒಂದು ಹಿಡಿ ಗೋಧಿ ತೌಡು ಉದುರಿಸಿ ಮುಂದೆ ಇಟ್ಟೆವು. ಮೂಸಿದಳು, ಬಿಟ್ಟಳು. ಗಂಟೆಗೊಮ್ಮೆ ಅಂಗಳದಲ್ಲಿ ಒಂದು ಸುತ್ತು. ನಾನು ಹಗ್ಗ ಹಿಡಿದು ನಡೆಸುತ್ತಿದ್ದೆ. ಅವಳ ಬಿಸಿ ಉಸಿರು ನನ್ನ ಮೊಣಕೈಗೆ ತಾಗುತ್ತಿತ್ತು. ಮನಸ್ಸಿನಲ್ಲೇ ನಮ್ಮೂರ ದುರ್ಗವ್ವನಿಗೆ ಹರಕೆ ಹೊತ್ತೆ. ಹನ್ನೊಂದಕ್ಕೆ ಒಂದೆರಡು ಗುಟುಕು ಕುಡಿದಳು. ಹನ್ನೆರಡಕ್ಕೆ ಅರ್ಧ ಬಕೆಟ್. ಹನ್ನೆರಡೂವರೆಗೆ ಬಾಲ ಎತ್ತಿದಳು. ದಪ್ಪ, ಮೆತ್ತನೆಯ, ಹಬೆಯಾಡುವ ಲದ್ದಿ ಬಿತ್ತು. ಚಿನ್ನಿ ಕಾಕಾನನ್ನು ತಬ್ಬಿಕೊಂಡು ಅತ್ತೇಬಿಟ್ಟಳು. ನನ್ನ ಕಣ್ಣೂ ತುಂಬಿತು.

ಆ ಸಂಜೆ ಪಕ್ಕದ ಹೊಲದವರು ಹುರಡಾಕ್ಕೆ ಕರೆದರು. ನಮ್ಮ ಕಡೆಯ ಸೀತನಿಯೇ ಅದು. ಬೆರಣಿ ಕೆಂಡದಲ್ಲಿ ಹಸಿ ಜೋಳದ ತೆನೆ ಸುಟ್ಟು, ಅಂಗೈಯಲ್ಲಿ ಉಜ್ಜಿ, ಶೇಂಗಾ ಚಟ್ನಿ, ಬೆಲ್ಲದ ಜೊತೆ ತಿನ್ನುವುದು. ಬಾಜೀರಾವ್ ಕುದುರೆ ಮೇಲೆ ಕೂತೇ ಜೋಳದ ತೆನೆ ಉಜ್ಜಿ ತಿನ್ನುತ್ತಿದ್ದ ಅಂತ ಈ ಕಡೆ ಹೇಳುತ್ತಾರೆ. ಒಂದು ಮಗು ಹಸಿರು ಜೋಳದ ದಂಟು ಎಳೆದುಕೊಂಡು ಲಾಯದ ಕಡೆ ಓಡಿತು. ಕಾಕಾ ಎದ್ದು ಹೋಗಿ ತಡೆದರು. ಎಳೆ ಜೋಳದ ಎಲೆಯಲ್ಲಿ ವಿಷದ ಅಂಶ ಇರುತ್ತದೆ, ಕುದುರೆಗೆ ಕೊಡಬಾರದು. ಅದರ ಬದಲು ಮಗುವಿನ ಕೈಗೆ ಕುದುರೆ ಮಸಾಲೆ ಅನ್ನುವ ಮೇವಿನ ಸೊಪ್ಪಿನ ಎರಡು ಕಡ್ಡಿ ಕೊಟ್ಟರು. ಅಂಗೈ ಚಪ್ಪಟೆ ಮಾಡಿ ಹೇಗೆ ತಿನ್ನಿಸಬೇಕು ಅಂತಲೂ ತೋರಿಸಿಕೊಟ್ಟರು.

ಕೆಂಡದ ಮುಂದೆ ಕೂತಾಗ ಕೇಳಿದೆ: "ಇಂಥ ಥಂಡ್ಯಾಗ ಕುದುರಿಗೆ ಹುರಳಿ ಜಾಸ್ತಿ ಹಾಕ್ಬೇಕೇನ್ರಿ ಕಾಕಾ?"

"ಹುರಳಿ ಅಲ್ಲ ತಂಗಿ, ಹುಲ್ಲು. ನಮಗ ಒಲಿ ಹೊರಗ, ಅದಕ್ಕ ಒಲಿ ಹೊಟ್ಟಿ ಒಳಗ. ಹುಲ್ಲು ಹಾಕಿದ್ರ ರಾತ್ರಿ ಎಲ್ಲಾ ಉರೀತೈತಿ."

ಹುಲ್ಲಿನ ನಾರು ಕುದುರೆಯ ದೊಡ್ಡ ಕರುಳಿನಲ್ಲಿ ಹುಳಿಯುವಾಗ ಶಾಖ ಹುಟ್ಟುತ್ತದೆ. ಕಾಳಿಗೆ ಅಷ್ಟು ಹೊತ್ತು ಉರಿಯುವ ಗುಣ ಇಲ್ಲ, ಅತಿಯಾದರೆ ಹೊಟ್ಟೆಯೂ ಕೆಡುತ್ತದೆ. ಮೈತೂಕದ ನೂರಕ್ಕೆ ಒಂದೂವರೆ, ಎರಡು ಪಾಲು ಮೇವು ದಿನಾ ಬೇಕು. 300 ಕಿಲೋ ಕುದುರೆಗೆ ಸುಮಾರು ಐದಾರು ಕಿಲೋ. ಚಳಿ ಏರಿದರೆ ರಾತ್ರಿ ಇನ್ನೊಂದು ಹೊರೆ. ಸುಲ್ತಾನನ ಹಲ್ಲಿಗೆ ಅದನ್ನು ನೆನೆಸಿ ಕೊಡುತ್ತಾರೆ. ಡಾಕ್ಟರ್ ಹೇಳಿದ ಮೇಲೆ ಚಂದ್ರಿಗೂ ಸ್ವಲ್ಪ ಸ್ವಲ್ಪ ನೆನೆಸಿದ ಹುಲ್ಲೇ ಶುರುವಾಗಿತ್ತು.

ಭಾನುವಾರ ಸಂಜೆ ಕೊನೆಯ ಸಲ ಹೋದೆ. ಬೆಲ್ಲ ತಂದಿದ್ದೆ. ಒಂದು ಚೂರು ಸಾಕು ಅಂದರು ಕಾಕಾ, ಉಳಿದದ್ದನ್ನು ಹುಡುಗರಿಗೆ ಹಂಚಿದರು. ಹಿತ್ತಲಲ್ಲಿ ಒಲೆ ಉರಿಯುತ್ತಲೇ ಇತ್ತು. ಈಗ ಹನ್ನೊಂದೂ ಕುದುರೆಗಳಿಗೆ ಸಂಜೆ ಬೆಚ್ಚಗಿನ ನೀರು. ನಾನೇ ಬಕೆಟ್ ಎತ್ತಿಕೊಂಡು ಹೋಗಿ ಚಂದ್ರಿಯ ಮುಂದೆ ಇಟ್ಟೆ.

"ಅಕ್ಕಾ, ಕಿವಿ ನೋಡು," ಅಂದಳು ಚಿನ್ನಿ ಮೆಲ್ಲಗೆ.

ಚಂದ್ರಿ ಮೂತಿ ಮುಳುಗಿಸಿದಳು. ಒಂದೊಂದು ಗುಟುಕಿಗೂ ಅವಳ ಎರಡು ಕಿವಿ ಒಮ್ಮೆ ಹಿಂದೆ ಹೋಗಿ ಮುಂದೆ ಬರುತ್ತಿದ್ದವು. ಕೊರಳಿನ ಕೆಳಗೆ ನೀರು ಉಂಡೆಯಾಗಿ ಇಳಿಯುವುದು ಕೂದಲಿನ ಮೇಲಿಂದಲೇ ಕಾಣುತ್ತಿತ್ತು. ನಾವಿಬ್ಬರೂ ಎಣಿಸಿದೆವು. ಮೂವತ್ತಾರು. ತಲೆ ಎತ್ತಿ ನಮ್ಮನ್ನು ನೋಡಿದಳು, ಗಡ್ಡದಿಂದ ನೀರು ತೊಟ್ಟಿಕ್ಕುತ್ತಿತ್ತು. ಮತ್ತೆ ಮೂತಿ ಇಳಿಸಿದಳು. ಹೊರಗೆ ಮೌಶಿ ಹಾರ್ನ್ ಹೊಡೆಯುತ್ತಿದ್ದಳು, ಒಂಬತ್ತಕ್ಕೆ ನನ್ನ ಬಸ್ಸು. ಚಿನ್ನಿ ಎಣಿಸುವುದನ್ನು ನಿಲ್ಲಿಸಿರಲಿಲ್ಲ.