ಮಂಕಿ ಅಂದ್ರೆ ಮಂಗ, ಹೆಗಡೆ ಅಂದ್ರೆ ಫೋನು

ಹೋದ ವರ್ಷ ದೀಪಾವಳಿ ಮುಗಿದ ಮೇಲೆ ನಮ್ಮ ಹಳೇ ಕಾರಿಗೆ ಹೊಸ ಸ್ಟೀರಿಯೋ ಹಾಕ್ಸಿದೆ. ದೊಡ್ಡ ಟಚ್‌ಸ್ಕ್ರೀನು, ಮ್ಯಾಪು, ಸ್ಟೀರಿಂಗ್ ಬಿಡದೇನೇ ಮಾತಾಡಿ ಕೆಲಸ ಮಾಡಿಸ್ಕೊಳ್ಳೋ ವ್ಯವಸ್ಥೆ, ಎಲ್ಲಾ ಇತ್ತು. ಅಂಗಡಿಯವ್ನು ಅಂಗಡಿ ಎದುರಿಗೆ ಎಂಜಿನ್ ಆಫ್ ಮಾಡಿ, ಗ್ಲಾಸ್ ಏರಿಸಿ, "ಬೆಂಗಳೂರು" ಅಂದ. ಬೆಂಗಳೂರಿನ ದಾರಿ ಬಂತು. ನಾನು ಖುಷಿಯಲ್ಲಿ ದುಡ್ಡು ಕೊಟ್ಟು ಬಂದೆ.

ಬೆಂಗಳೂರು ಅಂದ್ರೆ ಯಾವ ಮಷೀನಿಗಾದ್ರೂ ತಿಳೀತದೆ ಅನ್ನೋದು ಆವಾಗ ತಲೆಗೆ ಹೋಗ್ಲಿಲ್ಲ.

ಮೊದಲ ಪರೀಕ್ಷೆ ಕುಮಟೆ ಹತ್ರದ ಹೆಗಡೆ ಊರಿಗೆ ಉಪನಯನಕ್ಕೆ ಹೊರಟಾಗ. ಪಕ್ಕದಲ್ಲಿ ಆಯಿ, ಅಂದ್ರೆ ಅಮ್ಮ. ನಾನು ಸ್ವಲ್ಪ ಗತ್ತಿನಲ್ಲೇ ಬಟನ್ ಒತ್ತಿ "ಹೆಗಡೆಗೆ ಹೋಗು" ಅಂದೆ. ಶಿರಸಿ ಕಡೆಯವ್ನ ಫೋನಲ್ಲಿ ಎಷ್ಟು ಜನ ಹೆಗಡೆ ಇರ್ತಾರೆ ಅಂತ ನಿಮಗೆ ಬೇರೆ ಹೇಳ್ಬೇಕಾ? ನನ್ನದ್ರಲ್ಲಿ ಹನ್ನೊಂದು. ಅದು ಅವರಲ್ಲಿ ಒಬ್ಬರನ್ನ ಆರಿಸಿ ಫೋನ್ ಹಚ್ಚೇ ಬಿಡ್ತು, ನಾನು ಕಟ್ ಮಾಡೋದ್ರೊಳಗೆ ಅಡಿಕೆ ವ್ಯಾಪಾರಿ ಎತ್ತಿ "ಹೇಳಿ ಹೆಗಡೇರೆ, ಇವತ್ತು ರೇಟು ಸ್ವಲ್ಪ ಇಳ್ದಿದೆ, ಇನ್ನೊಂದ್ ವಾರ ತಡೀರಿ" ಅಂದ್ರು. ಕಾರು ತುಂಬ ಅವರ ದನಿ. ಆಯಿ ಕೇಳಿದ್ದು ಒಂದೇ ಮಾತು, "ತಮಾ, ಇದ್ಕೆ ಕಿವಿ ಸಮಾ ಕೇಳ್ತಿಲ್ಯ?"

ಆಯಿ ತಮಾಷೆಗೆ ಹೇಳಿದ್ದು ಆದ್ರೆ ಅದೇ ನಿಜ ಅಂತ ಗೊತ್ತಾಗೋಕೆ ಮತ್ತೆ ಎರಡು ತಿಂಗಳು ಬೇಕಾಯ್ತು. ಅಷ್ಟರಲ್ಲಿ ಹೊನ್ನಾವರದಿಂದ ಮುಂದೆ ಮಂಕಿ ಅಂದ್ರೆ ಮಂಗನ ಫೋಟೋ ಹುಡುಕಿ ಕೊಟ್ಟಿತ್ತು, ಸಿದ್ದಾಪುರದ ಬಿಳಗಿ ಅಂದ್ರೆ ಬಾಗಲಕೋಟೆ ಬಿಳಗಿಗೆ ದಾರಿ ಹಾಕಿತ್ತು, ಒಂದಿನ ರಾತ್ರಿ ಹುಬ್ಬಳ್ಳಿಯಿಂದ ವಾಪಸ್ ಬರ್ಬೇಕಾದ್ರೆ ಶಿರಸಿ ಅಂದಿದ್ದಕ್ಕೆ ಹರಿಯಾಣದ ಸಿರ್ಸಾ ತೋರಿಸಿತ್ತು. ನನ್ನ ಹೆಂಡ್ತಿ ಅದನ್ನ ಸ್ಕ್ರೀನ್‌ಶಾಟ್ ತೆಗೆದು ಫ್ಯಾಮಿಲಿ ಗ್ರೂಪಿಗೆ ಹಾಕಿ ಆಗಿತ್ತು.

ಕೊನೆಗೆ ಒಂದು ಭಾನುವಾರ ಅಂಗಳದಲ್ಲಿ ಕಾರು ನಿಲ್ಲಿಸ್ಕೊಂಡು ಕೂತೆ. ಮೊದಲು ಮಾಡಿದ್ದು ಏನಂದ್ರೆ, ಮಷೀನಿಗೆ ಎಂತ ಕೇಳ್ತದೆ ಅಂತ ನಾನೇ ಕೇಳಿದ್ದು. ಸ್ನೇಹಿತನಿಗೆ ಕಾರಿನ ಬ್ಲೂಟೂತಿಂದ ಫೋನ್ ಮಾಡಿ, ಅವನ ಕಡೆ ಕಾಲ್ ರೆಕಾರ್ಡ್ ಮಾಡಿಸಿ, ಆ ಫೈಲು ವಾಟ್ಸಾಪಲ್ಲಿ ತರಿಸ್ಕೊಂಡೆ. ಕೇಳಿ ನಾಚಿಕೆ ಆಯ್ತು ಮಾರಾಯ್ರೆ. ನಾನು ಬಾವಿಯೊಳಗೆ ಕೂತು ಮಾತಾಡ್ದಂಗೆ, ಮೇಲಿಂದ ಯಾರೋ ಭರ್ರ್ ಅಂತ ಗಾಳಿ ಬೀಸ್ದಂಗೆ. ಇಂಥ ಸದ್ದಲ್ಲಿ ಹೆಗಡೆ, ಮಂಕಿ ಬಿಡಿ, ನನ್ನ ಸ್ವಂತ ಹೆಸ್ರೇ ನನಗೆ ತಿಳೀಲಿಲ್ಲ.

ಸ್ಟೀರಿಯೋದ ಸುತ್ತಿನ ಪ್ಲಾಸ್ಟಿಕ್ ಪಟ್ಟಿ ಮೆಲ್ಲಗೆ ಎಬ್ಬಿಸಿ ನೋಡಿದ್ರೆ ವಿಷಯ ಅಲ್ಲೇ ಇತ್ತು. ಅವಲಕ್ಕಿಗೆ ಹಾಕೋ ಶೇಂಗಾ ಬೀಜದಷ್ಟು ದಪ್ಪದ ಮೈಕು, ಮೂರು ಮೀಟರ್ ವಯರ್ ಸುರುಳಿ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ, ಸ್ಟೀರಿಯೋ ಹಿಂದೆ ಏಸಿ ಡಕ್ಟಿನ ಮೈಮೇಲೆ ತುರುಕಿಟ್ಟಿದ್ದ. ಮೇಲಕ್ಕೆ ಎಳೆದು ಫಿಟ್ ಮಾಡೋದು ಹತ್ತು ನಿಮಿಷದ ಕೆಲಸ, ಅದಕ್ಕೆ ಮೈಗಳ್ಳತನ. ನಮ್ಮ ಮಾತು ಡ್ಯಾಶ್‌ಬೋರ್ಡ್ ದಾಟಿ ಅಲ್ಲಿಗೆ ಮುಟ್ಟೋದ್ರೊಳಗೆ ಸತ್ತು ಹೋಗ್ತಿತ್ತು, ಏಸಿ ಫ್ಯಾನಿನ ಸದ್ದು ಮಾತ್ರ ನೇರ ಕಿವಿಗೆ.

ವಯರ್ ಬಿಡಿಸಿ, ಪಕ್ಕದ ಕಂಬದ ಬೀಡಿಂಗ್ ಒಳಗೆ ಸೇರಿಸ್ತಾ ಮೇಲೆ ತಂದು, ಗ್ಲಾಸಿನ ಅಂಚಿಗೆ ಕ್ಲಿಪ್ ಮಾಡಿದೆ. ಚಳಿಗಾಲ ಬೇಸಿಗೆ ಪೂರ್ತಿ ರಾಜನ ಹಾಗೆ ಕೆಲಸ ಮಾಡ್ತು. ಜೂನ್ ಬಂತು, ಮತ್ತೆ ಕಿವುಡು. ನಮ್ಮ ಕಡೆ ಮಳೆಗಾಲದಲ್ಲಿ ಕಾರು ಓಡಿಸಿದವ್ರಿಗೆ ಗೊತ್ತಿರ್ತದೆ, ಹೊರಗೆ ಧಾರಾಕಾರ, ಒಳಗೆ ನಾಲ್ಕು ಜನ ಒದ್ದೆ ಬಟ್ಟೆಯಲ್ಲಿ, ಐದು ನಿಮಿಷಕ್ಕೆ ಎದುರಿನ ಗ್ಲಾಸು ಮಬ್ಬು, ಆವಾಗ ಏಸಿ ಗಾಳಿನ ಗ್ಲಾಸಿಗೇ ತಿರುಗಿಸಿ ಫ್ಯಾನು ಜೋರು ಮಾಡ್ಬೇಕು. ಆ ಗಾಳಿ ಗ್ಲಾಸಿನ ಮೈ ಸವರ್ಕೊಂಡು ಸೀದಾ ಹೋಗಿ ಹೊಡೆಯೋದು ಎಲ್ಲಿಗೆ? ನಾನು ಮೈಕ್ ಕಟ್ಟಿದ ಜಾಗಕ್ಕೇ. ಮತ್ತೆ ಬಿಚ್ಚಿ, ಈ ಸಲ ಸ್ಟೀರಿಂಗ್ ಹಿಂದೆ, ಸ್ಪೀಡೋಮೀಟರಿನ ಕೆಳಗೆ, ಬಾಯಿಗೆ ಮುಖ ಮಾಡಿ ಕೂರಿಸಿ ಹಳೇ ಹೆಡ್‌ಫೋನಿನ ಸ್ಪಂಜಿನ ತುಂಡು ಸುತ್ತಿದೆ. ಈಗ್ಲೂ ಅಲ್ಲೇ ಇದೆ. ತಗಡಿನ ಮೇಲೆ ಬೀಳೋ ಮಳೆ ಸದ್ದಿಗೆ ಮದ್ದಿಲ್ಲ, ಆದ್ರೆ ಗಾಳಿ ಹೊಡೆತ ಹೋಯ್ತು.

ಇಷ್ಟಾದ್ರೂ ಒಂದು ರೋಗ ಉಳ್ಕೊಂಡಿತ್ತು. ಕುಮಟಾ, ಯಲ್ಲಾಪುರ, ಮುಂಡಗೋಡ ಅಂದ್ರೆ ಸರಿ ಹಿಡೀತಿತ್ತು. ಶಿರಸಿ, ಸಿದ್ದಾಪುರ, ಸೋಂದಾ, ಸದಾಶಿವಗಡ ಅಂದ್ರೆ ಏನೇನೋ. ಸ-ಕಾರದ ಮೇಲೆ ಅದಕ್ಕೆ ಎಂತ ಸಿಟ್ಟು ಅಂತ ತಲೆ ಕೆಡಿಸ್ಕೊಂಡು ಓದ್ತಾ ಹೋದಾಗ ಕಾರಣ ಸಿಕ್ತು, ನನಗಂತೂ ಬಹಳ ಮಜಾ ಅನ್ನಿಸ್ತು. ಬ್ಲೂಟೂತಲ್ಲಿ ಹಾಡು ಹೋಗೋ ದಾರಿ ಬೇರೆ, ಮೈಕಿನ ಮಾತು ಹೋಗೋ ದಾರಿ ಬೇರೆ. ಮಾತು ಹೋಗೋದು ಫೋನ್ ಕಾಲಿನ ದಾರಿಯಲ್ಲಿ. ಹಳೇ ರೀತಿಯ ಕಾಲ್ ದಾರಿಯಲ್ಲಿ ದನಿನ ಸೆಕೆಂಡಿಗೆ 8,000 ಸಲ ಮಾತ್ರ ಅಳೆದು ಕಳಿಸ್ತಾರೆ. ಹಾಗೆ ಅಳೆದ್ರೆ ಅದರ ಅರ್ಧ, ಅಂದ್ರೆ 4,000 ಹರ್ಟ್ಸ್‌ಗಿಂತ (ಸೆಕೆಂಡಿಗೆ ಅಷ್ಟು ಕಂಪನಕ್ಕಿಂತ) ಮೇಲಿನ ಕೀರಲು ಸದ್ದು ಪೂರ್ತಿ ಉದುರಿ ಹೋಗ್ತದೆ. ನಮ್ಮ ಸ, ಶ ಎಲ್ಲ ಬಾಯಿಂದ ಬರೋ ಗಾಳಿಯ ಸದ್ದು, ಸ-ಕಾರದ ಜೀವ ಹೆಚ್ಚಾಗಿ ಇರೋದೇ ಅದರ ಮೇಲೆ, ಶ-ಕಾರದ್ದೂ ಒಂದಷ್ಟು ಅಲ್ಲೇ. ಫೋನಲ್ಲಿ ಯಾರಿಗಾದ್ರೂ ಇಂಗ್ಲಿಷ್ ಅಕ್ಷರ ಹೇಳುವಾಗ "ಎಫ್ಫಾ? ಎಸ್ಸಾ?" ಅಂತ ಕೇಳೋದು ಇದಕ್ಕೇ. ಹೊಸ ಸ್ಟೀರಿಯೋಗಳಲ್ಲಿ 16,000 ಸಲ ಅಳೆಯೋ ವ್ಯವಸ್ಥೆ ಇರ್ತದೆ, ಆದ್ರೆ ಫೋನು ಸ್ಟೀರಿಯೋ ಎರಡರಲ್ಲೂ ಇರ್ಬೇಕು, ಒಂದರಲ್ಲಿ ಇಲ್ಲಾಂದ್ರೆ ಹಳೇ ದಾರಿಗೇ ಇಳೀತದೆ.

ಇದಕ್ಕೆ ನಾನು ಮಾಡಿದ್ದು, ಬ್ಲೂಟೂತ್ ನೆಚ್ಚೋದು ಬಿಟ್ಟು ಯುಎಸ್‌ಬಿ ವಯರ್ ಹಾಕಿ ಆಂಡ್ರಾಯ್ಡ್ ಆಟೋ (ಫೋನಿನ ಮ್ಯಾಪು, ಹಾಡು ಎಲ್ಲ ಕಾರಿನ ಸ್ಕ್ರೀನಿಗೆ ತರೋ ಗೂಗಲ್ ವ್ಯವಸ್ಥೆ) ಓಡಿಸೋದು. ಆವಾಗ ಮೈಕಿನ ಮಾತು ವಯರಲ್ಲೇ ಹೋಗ್ತದೆ. ವಯರ್ ಮಾತ್ರ ಡೇಟಾ ಹೋಗುವಂಥದ್ದೇ ಬೇಕು, ಪೇಟೆಯಲ್ಲಿ ಸಿಗೋ ಅಗ್ಗದ್ದರಲ್ಲಿ ಬರೀ ಚಾರ್ಜ್ ಆಗೋದೂ ಇರ್ತದೆ, ಅದನ್ನ ಹಾಕಿ ಒಂದು ವಾರ ನಾನು ಸ್ಟೀರಿಯೋನ ಬೈದಿದ್ದೆ. ವಯರ್ ಹಾಕಿದ ದಿನ "ಸೋಂದಾ" ಅಂದೆ, ಸೋಂದಾ ಅಂತ್ಲೇ ಬರೀತು. ಗೆದ್ದ ಹಾಗಾಯ್ತು.

ಬ್ಲೂಟೂತಲ್ಲೇ ಇರೋರಿಗೆ ಒಂದು ಮಾತು. ಬಟನ್ ಒತ್ತಿದ ತಕ್ಷಣ ಮಾತಾಡ್ಬೇಡಿ, ಆ ಕಾಲ್ ದಾರಿ ತೆರೆಯೋಕೆ ಒಂದು ಗಳಿಗೆ ಹಿಡೀತದೆ, ಟೊಂಯ್ ಅಂದ ಮೇಲೆ ಉಸಿರು ತಗೊಂಡು ಹೇಳಿ. ಇಲ್ದಿದ್ರೆ ಯಲ್ಲಾಪುರದಲ್ಲಿ ಯಲ್ಲಾ ಹೋಗಿ ಪುರ ಮಾತ್ರ ಉಳೀತದೆ.

ಇನ್ನು ಸೋಂದಾ ಅಂತ ಸರಿ ಬರೆದದ್ದು ಹೌದು, ಆದ್ರೆ ಊರು ಸಿಗಬೇಕಲ್ಲ? ಸೋಂದಾ, ಸೋದೆ, ಸ್ವಾದಿ ಮೂರೂ ಒಂದೇ ಊರು. ವಾದಿರಾಜ ಮಠಕ್ಕೆ ಹೋಗೋರು ಸೋದೆ ಅಂತಾರೆ, ಇತಿಹಾಸದವ್ರು ಸ್ವಾದಿ ಅರಸರು ಅಂತಾರೆ, ನಮಗೆ ಸೋಂದಾ. ಮ್ಯಾಪಲ್ಲಿ ಯಾರೋ ಯಾವ್ದೋ ಸ್ಪೆಲ್ಲಿಂಗಲ್ಲಿ ಹಾಕಿರ್ತಾರೆ. ಅದ್ರ ಮೇಲೆ ನಮ್ಮ ಮನೆಗಳಿಗೆ ರಸ್ತೆ ಹೆಸರು ಇಲ್ಲ, ನಂಬರ್ ಹಾಕಿದ್ರೂ ಯಾರಿಗೂ ನೆನಪಿಲ್ಲ. ಮೇಲಿನಮನೆ, ಕೆಳಗಿನಮನೆ, ಹೊಸಮನೆ ಅಂತ ಹೇಳಿದ್ರೆ ತಾಲೂಕಲ್ಲಿ ನೂರು ಸಿಗ್ತವೆ. ಇದಕ್ಕೆ ಮಷೀನಿಗೆ ಕಲಿಸೋದಕ್ಕಿಂತ ನಾವೇ ಹೆಸರಿಟ್ಟು ಬಿಡೋದು ಸುಲಭ. ಮ್ಯಾಪಲ್ಲಿ ಜಾಗದ ಮೇಲೆ ಬೆರಳಿಟ್ಟು ಒತ್ತಿ ಹಿಡಿದ್ರೆ ಪಿನ್ ಬೀಳ್ತದೆ, ಅದಕ್ಕೆ ಲೇಬಲ್ ಅಂತ ನಮಗೆ ಬೇಕಾದ ಹೆಸರು ಕೊಡ್ಬಹುದು. ಒಂದು ಸಂಜೆ ಆಯಿನ ಕೂರಿಸ್ಕೊಂಡು ನೆಂಟರ ಮನೆ, ತೋಟ, ಡಾಕ್ಟರು, ಅಡಿಕೆ ಮಂಡಿ ಅಂತ ಇಪ್ಪತ್ತೆರಡು ಲೇಬಲ್ ಹಾಕಿದೆ. ಸ್ಯಾಟಲೈಟ್ ಚಿತ್ರದಲ್ಲಿ ತೋಟದ ಮಧ್ಯೆ ಹಂಚಿನ ಮನೆ ಗುರುತು ಹಿಡಿಯೋದ್ರಲ್ಲಿ ಆಯಿ ನನಗಿಂತ ಚುರುಕು, "ಅದು ಅಲ್ದ, ಕೊಟ್ಟಿಗೆ ಪಕ್ಕ ಇಪ್ಪದು" ಅಂತ ಬೆರಳಿಟ್ಟು ತೋರಿಸಿದ್ರು. ಒಂದೇ ಹೆಸರಿನ ಎರಡು ಊರಿದ್ರೆ ತಾಲೂಕು ಸೇರಿಸಿ ಹೇಳೋ ಅಭ್ಯಾಸ ಮಾಡ್ಕೊಂಡಿದ್ದೀನಿ, "ಬಿಳಗಿ ಸಿದ್ದಾಪುರ", "ಹೆಗಡೆ ಕುಮಟಾ". ಕಂಡಕ್ಟರ್ ಹತ್ರ ಟಿಕೆಟ್ ಕೇಳ್ದಂಗೆ.

ಭಾಷೆ ವಿಷಯ. ಗೂಗಲ್ ಕನ್ನಡದಲ್ಲಿ ಮಾತಾಡಿ ಟೈಪ್ ಮಾಡೋದನ್ನ ತಂದಿದ್ದು 2017ರಲ್ಲಿ, ಮ್ಯಾಪು ಕನ್ನಡದಲ್ಲಿ ದಾರಿ ಹೇಳೋಕೆ ಶುರು ಮಾಡಿದ್ದು 2018ರಲ್ಲಿ. ಕನ್ನಡ ಹಾಕ್ಕೊಂಡ ಮೇಲೆ ಊರ ಹೆಸರು ಹಿಡಿಯೋದು ಎಷ್ಟೋ ವಾಸಿ. ಮಂಗನ ಕಾಟ ಬಿಟ್ಟಿದ್ದು ಅದ್ರಿಂದ್ಲೇ, ಇಂಗ್ಲಿಷ್ ಕಿವಿಗೆ ಮಂಕಿ ಅಂದ್ರೆ ಮಂಗ ಅಲ್ದೆ ಇನ್ನೆಂತ? ಆದ್ರೆ ಪುಸ್ತಕದ ಕನ್ನಡ ಬೇಕು ಅದಕ್ಕೆ. ನಮ್ಮ ಮನೆ ಮಾತಲ್ಲಿ ಹೇಳಿದ್ರೆ ಕಣ್ಣು ಕಣ್ಣು ಬಿಡ್ತದೆ.

ಮಾತಿನ ಕಥೆ ಇಷ್ಟು, ಇನ್ನು ದಾರಿದು. ಘಟ್ಟ ಇಳಿಯುವಾಗ ನೆಟ್‌ವರ್ಕ್ ಹೋಗ್ತದೆ, ದೇವಿಮನೆ ಘಟ್ಟವಾಗ್ಲಿ ಅರಬೈಲ್ ಆಗ್ಲಿ. ನೆಟ್ ಇಲ್ದಿದ್ರೆ ಜಿಪಿಎಸ್ಸೂ ಇಲ್ಲ ಅಂತ ಬಹಳ ಜನ ತಿಳ್ಕೊಂಡಿದ್ದಾರೆ, ಹಾಗಲ್ಲ. ಜಿಪಿಎಸ್ ಸಿಗ್ನಲ್ ಸುಮಾರು 20,000 ಕಿಲೋಮೀಟರ್ ಮೇಲಿರೋ ಉಪಗ್ರಹದಿಂದ ನೇರ ಬರ್ತದೆ, ಟವರ್ ಬೇಡ. ನೆಟ್ ಬೇಕಾಗೋದು ಮ್ಯಾಪಿನ ಚಿತ್ರಕ್ಕೆ, ಹುಡುಕೋಕೆ, ಮತ್ತೆ ನಾವು ಹೇಳಿದ್ದನ್ನ ಅರ್ಥ ಮಾಡ್ಕೊಳ್ಳೋಕೆ. ಹಾಗಾಗಿ ಮನೆ ವೈಫೈನಲ್ಲಿ ಇಡೀ ಜಿಲ್ಲೆ ಆಫ್‌ಲೈನ್ ಮ್ಯಾಪ್ ಇಳಿಸಿಟ್ಟಿದ್ದೀನಿ, ಮತ್ತೆ ಹೋಗೋ ಊರು ಮನೆ ಅಂಗಳದಲ್ಲೇ ಹೇಳಿ ದಾರಿ ಹಾಕಿಸ್ಕೊಂಡೇ ಹೊರಡ್ತೀನಿ. ಘಟ್ಟದ ಮಧ್ಯ ಬಟನ್ ಒತ್ತಿ ಕೂಗಿ ಉಪಯೋಗ ಇಲ್ಲ.

ಇನ್ನೊಂದು, ದೇವಿಮನೆ ತಿರುವುಗಳಲ್ಲಿ ನನ್ನ ಬಾಣದ ಗುರುತು ಕೆಳಗಿನ ರಸ್ತೆಗೆ ಹಾರ್ತಿತ್ತು. ಹಾರಿ, ದಾರಿ ತಪ್ಪಿದ್ದೀರಿ ಅಂತ ಹೇಳಿ, ಹೇರ್‌ಪಿನ್ನಲ್ಲೇ ಯು-ಟರ್ನ್ ತಗೊಳ್ಳಿ ಅನ್ನೋದು, ಎದುರಿಗೆ ಲಾರಿ. ಬಯಲಲ್ಲಿ ಫೋನಿನ ಜಿಪಿಎಸ್ ಸುಮಾರು 5 ಮೀಟರ್ ಆಚೀಚೆ ಸರಿ ಇರ್ತದೆ, ಘಟ್ಟದಲ್ಲಿ ಒಂದು ಬದಿ ಗುಡ್ಡ, ಮೇಲೆ ಒದ್ದೆ ಎಲೆ, ಸಿಗ್ನಲ್ ಬಂಡೆಗೆ ಬಡಿದು ಸುತ್ತಿ ಬರ್ತದೆ. ಅದು ಇದ್ದದ್ದೇ ಅಂತ ಸುಮ್ನಿದ್ದೆ, ಆದ್ರೆ ಮೈಕ್ ನೋಡಿದ ಮೇಲೆ ಸಂಶಯ ಬಂದು ಸ್ಟೀರಿಯೋದ ಜಿಪಿಎಸ್ ಆಂಟೆನಾ ಹುಡುಕಿದೆ. ಅದೂ ಅಲ್ಲೇ! ಕಪ್ಪು ಚೌಕದ ಡಬ್ಬಿ, ಸ್ಟೀರಿಯೋದ ಲೋಹದ ಚೌಕಟ್ಟಿನ ಅಡಿಗೆ, ತಲೆಕೆಳಗಾಗಿ. ತೆಗೆದು ಡ್ಯಾಶ್‌ಬೋರ್ಡ್ ಮೇಲೆ ಗ್ಲಾಸಿನ ಹತ್ರ ಆಕಾಶಕ್ಕೆ ಮುಖ ಮಾಡಿ ಅಂಟಿಸಿದೆ, ಈಗ ಹಾರೋದು ಅಪರೂಪ. ಕಾರವಾರ–ಬಿಣಗಾ ಸುರಂಗದೊಳಗೆ ಮಾತ್ರ ಏನೂ ಮಾಡೋಕಾಗಲ್ಲ, ಅಲ್ಲಿ ತಿರುಗೋಕೆ ಬೇರೆ ದಾರಿನೂ ಇಲ್ಲ ಬಿಡಿ.

ರಸ್ತೆ ಬಂದ್ ಆಗಿದ್ಯಾ ಅನ್ನೋದಕ್ಕೆ ಈ ಮಷೀನ್ ನಂಬಲ್ಲ ನಾನು. ಆಫ್‌ಲೈನಲ್ಲಿ ಅದಕ್ಕೆ ಹೊಸ ಸುದ್ದಿ ಬರೋದೇ ಇಲ್ಲ. 2024ರ ಜುಲೈ 16ಕ್ಕೆ ಅಂಕೋಲಾ ಶಿರೂರಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿ ಹೋದ ಮೇಲೆ ಮಳೆಗಾಲದಲ್ಲಿ ಘಟ್ಟದ ಕೆಳಗಿನವ್ರಿಗೆ ಒಂದು ಫೋನ್ ಮಾಡದೇ ಹೊರಡೋದು ಬಿಟ್ಟಿದ್ದೀವಿ. ಆ ಫೋನು ಈಗ ಬಟನ್ ಒತ್ತಿ ಮಾತಲ್ಲೇ ಹಚ್ತೀನಿ, ಸರಿಯಾದ ಹೆಗಡೆಗೇ ಹೋಗ್ತದೆ. ಕಾಂಟ್ಯಾಕ್ಟಲ್ಲಿ ಎಲ್ಲ ಹೆಗಡೆಗಳ ಹಿಂದೆ ಊರ ಹೆಸರು ಸೇರಿಸಿದ್ದೀನಿ.

ಎಲ್ಲಾ ಸರಿಯಾಯ್ತು ಅನ್ನೋ ಹೊತ್ತಿಗೆ ಹೋದ ತಿಂಗಳು ಹೆಂಡ್ತಿ ಒಬ್ಳೇ ನನ್ನ ಫೋನು, ಕಾರು ಎರಡೂ ತಗೊಂಡು ಕುಮಟೆಗೆ ಹೋಗಿದ್ಲು, ಅವಳ ಫೋನು ರಿಪೇರಿಗೆ ಹೋಗಿತ್ತು. ವಾಪಸ್ ಹೊರಡುವಾಗ ಬಟನ್ ಒತ್ತಿ "ಅತ್ತೆಮನೆಗೆ ದಾರಿ ತೋರಿಸು" ಅಂದಿದ್ದಾಳೆ. ಅವಳ ಅತ್ತೆಮನೆ ಅಂದ್ರೆ ನಮ್ಮನೆ. ನನ್ನ ಫೋನಲ್ಲಿ ಅತ್ತೆಮನೆ ಅಂತ ಲೇಬಲ್ ಹಾಕಿದ್ದು ನಾನು, ಅಂದ್ರೆ ಅವಳ ತವರು, ಸಿದ್ದಾಪುರದ ಆಚೆ. ಮ್ಯಾಪು ದೇವಿಮನೆ ಬಿಟ್ಟು ದೊಡ್ಮನೆ ಘಟ್ಟ ಹತ್ತಿಸಿದೆ. ರಾತ್ರಿ ಎಂಟಕ್ಕೆ ಮಾವನ ನಂಬರಿಂದ ಮನೆಗೆ ಫೋನ್ ಬಂತು, ಎಲ್ಲಿದ್ದೀಯೆ ಅಂದೆ. "ಅದು ಹೇಳ್ದಲ್ಲಿಗೆ ಬಂದೆ ಅಷ್ಟೆ" ಅಂದ್ಲು. ಎರಡು ದಿನ ಬಿಟ್ಟು ಬಂದ್ಲು.