ಎರಡು ಮದ್ದೂರು, ಒಂದು ಸ್ಪ್ರಿಂಗ್

ರಾತ್ರಿ ಒಂಬತ್ತೂಕಾಲಿಗೆ ಡ್ರೈವರ್ ಫೋನು. "ಅಣ್ಣೋ, ಗಾಡಿ ಎಂಜಿನ್ ಕಾಯ್ತಾ ಅದೆ. ಮದ್ದೂರಲ್ಲಿ ನಿಂತಿವ್ನಿ."

ಮಂಡ್ಯದಲ್ಲಿ ಗ್ಯಾರೇಜ್ ಇಟ್ಟವನಿಗೆ ಮದ್ದೂರು ಯಾವ ದೂರ? "ಇರು, ಬಂದೆ" ಅಂತ ಬೈಕಿನ ಕೀ ತಗೊಂಡೆ. ಮಾತು ಮುಂದುವರಿದ ಮೇಲೆ ತಿಳಿಯಿತು, ಅವನು ನಿಂತಿರುವುದು ಗುಂಡ್ಲುಪೇಟೆ ಆಚೆಯ ಮದ್ದೂರು ಚೆಕ್‌ಪೋಸ್ಟ್‌ನಲ್ಲಿ. ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂದ್. ಅಷ್ಟರೊಳಗೆ ದಾಟಿಬಿಡೋಣ ಅಂತ ಲೋಡು ಬೆಲ್ಲ ಹೊತ್ತುಕೊಂಡು ನಂಜನಗೂಡಿನಿಂದ ಒತ್ತಿದ್ದಾನೆ. ಬೇಗೂರು ದಾಟುತ್ತಿದ್ದಂತೆ ಎಂಜಿನ್ ಬಿಸಿ ತೋರಿಸುವ ಮುಳ್ಳು ಕೆಂಪಿಗೆ ಹೋಗಿದೆ. ಗೇಟೂ ತಪ್ಪಿತು.

ನನಗೆ ಎದೆ ಧಸಕ್ಕೆಂದಿತು. ಆ ಗಾಡಿಯ ರೇಡಿಯೇಟರ್ ಬಿಚ್ಚಿ, ಸೋರಿಕೆ ಕಟ್ಟಿಸಿ, ಎರಡೂ ಹೋಸ್ ಪೈಪ್ ಹೊಸದು ಹಾಕಿ ಕಳಿಸಿ ಮೂರೇ ದಿನ ಆಗಿತ್ತು.

ಫೋನಿನಲ್ಲಿ ಹೇಳಿದ ಮೊದಲ ಮಾತು: ರೇಡಿಯೇಟರ್ ಮುಚ್ಚಳ ಮುಟ್ಟಬೇಡ. ಸುಮಾರು ಒಂದು ಬಾರ್ ಒತ್ತಡ ಕಟ್ಟಿದ್ದರೆ ಒಳಗಿನ ನೀರು ಹೆಚ್ಚುಕಮ್ಮಿ 120 ಡಿಗ್ರಿವರೆಗೂ ಕುದಿಯುವುದಿಲ್ಲ. ಮುಚ್ಚಳ ತಿರುಗಿಸಿದ ತಕ್ಷಣ ಅಷ್ಟೂ ಒಟ್ಟಿಗೆ ಕುದಿದು ಮುಖಕ್ಕೆ ಹಾರುತ್ತದೆ. ಅವನು ಇನ್ನೊಂದು ಮಾತು ಅಂದ: "ನಿಲ್ಸಿ ಸ್ಲೋನಲ್ಲಿ ಬುಟ್ರೆ ವಸಿ ಹೊತ್ಗೆ ಇಳೀತದೆ." ಗಾಡಿ ನಿಲ್ಲಿಸಿ, ಆಕ್ಸಿಲೇಟರ್ ಒತ್ತದೆ ಎಂಜಿನ್ ಓಡಲು ಬಿಟ್ಟರೆ ಬಿಸಿ ಇಳಿಯುತ್ತದೆ ಅಂತ. ಅದನ್ನು ನಾನು ಆವತ್ತು ಕಿವಿಗೇ ಹಾಕಿಕೊಳ್ಳಲಿಲ್ಲ.

ಬೆಳಿಗ್ಗೆ ನಿಧಾನಕ್ಕೆ ಹೋಗಿ ಕೇರಳದ ಬತ್ತೇರಿಯಲ್ಲಿ ಬೆಲ್ಲ ಇಳಿಸಿ ವಾಪಸ್ ಬಂದ. ಖಾಲಿ ಗಾಡಿ, ಒಂದು ಸಲವೂ ಕಾಯಲಿಲ್ಲವಂತೆ.

ರಿಪೇರಿ ಆದ ಮೇಲೆ ಹೀಟ್ ಅಂದರೆ ಮೊದಲ ಗುಮಾನಿ ಏರ್ ಲಾಕ್, ಅಂದರೆ ಒಳಗೆ ಗಾಳಿ ಸಿಕ್ಕಿಕೊಂಡು ನೀರು ಓಡದಿರುವುದು. ಮುಂದಿನ ಚಕ್ರ ಎತ್ತರಕ್ಕೆ ಹತ್ತಿಸಿ, ಏರ್ ಬಿಡುವ ಸ್ಕ್ರೂ ಸಡಿಲಿಸಿ, ಗುಳ್ಳೆ ನಿಲ್ಲುವವರೆಗೆ ನೀರು ತುಂಬಿದೆ. ಗುಳ್ಳೆ ನಿಂತಿತು, ಅಲ್ಲಿಗೆ ಸ್ವಲ್ಪ ಸಮಾಧಾನ. ಎಂಜಿನ್ನಿನ ಮೇಲ್ಭಾಗ, ಅಂದರೆ ಹೆಡ್, ಕೂರುವ ಸಂದಿ ಮುಚ್ಚುವ ಹೆಡ್ ಗ್ಯಾಸ್ಕೆಟ್ ಹೋಗಿದ್ದರೆ ಎಷ್ಟು ತುಂಬಿದರೂ ಬುಳುಬುಳು ಅಂತ ಬರುತ್ತಲೇ ಇರುತ್ತದೆ. ಬಿಸಿಯಾದಾಗ ತೆರೆದು ರೇಡಿಯೇಟರ್‌ಗೆ ನೀರು ಬಿಡುವ ಥರ್ಮೋಸ್ಟಾಟ್ ಬಿಚ್ಚಿ ಟೀ ಕಾಯಿಸುವ ಪಾತ್ರೆಯಲ್ಲಿ ಮುಳುಗಿಸಿ ಕಾಯಿಸಿದೆ. ಮೇಲೆ 82 ಅಂತ ಡಿಗ್ರಿ ಕೆತ್ತಿತ್ತು, ಸರಿಯಾಗಿಯೇ ತೆರೆಯಿತು. ಬೆಲ್ಟು, ಫ್ಯಾನು ಸರಿ. ಎಂಜಿನ್ನಿಗೆ ಹೋಗುವ ಗಾಳಿ ತಂಪು ಮಾಡುವ ಇಂಟರ್‌ಕೂಲರ್‌ಗೂ ರೇಡಿಯೇಟರ್‌ಗೂ ನಡುವೆ ಕಬ್ಬಿನ ತರಗು ತುಂಬಿರಬಹುದು ಅಂತ ಟಾರ್ಚ್ ಬಿಟ್ಟೆ, ಕ್ಲೀನ್. ಈ ಊರಲ್ಲಿ ಅದು ಮಾಮೂಲಿ ಕಾಯಿಲೆ, ಇದಕ್ಕಿರಲಿಲ್ಲ.

ಗಾಡಿ ಮಾಲೀಕರು ಬಂದು, "ಹೆಡ್ ಬಿಚ್ಚಬೇಕೇನಪ್ಪಾ?" ಅಂದರು. ನಾನೂ ಹೂಂ ಅಂದುಬಿಡುವವನಿದ್ದೆ.

ಸುಮ್ಮನೆ ಕೊನೇ ಸಲ ಅಂತ ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಹುಡುಗನಿಗೆ ಆಕ್ಸಿಲೇಟರ್ ಒತ್ತು ಅಂದೆ. 2000 ಆರ್‌ಪಿಎಂ ದಾಟಿತು. ಪಕ್ಕದಲ್ಲಿ ಬಗ್ಗಿ ನೋಡುತ್ತಿದ್ದೆ, ಫ್ಯಾನಿಗೆ ಮೂರಡಿ ದೂರ ಇದ್ದೇ. ಕೆಳಗಿನ ಹೋಸ್ ಪೈಪ್ ನಡುವೆ ಒಂದು ಗುಳಿ ಬಿತ್ತು. ಇನ್ನಷ್ಟು ಒತ್ತಿದ. ಕರು ಕುಡಿದ ಮೇಲಿನ ಮೊಲೆಯ ಹಾಗೆ ಪೈಪು ಚಪ್ಪಟೆಯಾಗಿ ಅಂಟಿಕೊಂಡಿತು. ಕಾಲು ತೆಗೆದ, ಮತ್ತೆ ದುಂಡಗಾಯಿತು.

ಮೇಲಿನ ಪೈಪಿನಲ್ಲಿ ಎಂಜಿನ್ನಿಂದ ನೀರು ನೂಕಿಕೊಂಡು ಬರುತ್ತದೆ, ಕೆಳಗಿನದರಲ್ಲಿ ವಾಟರ್ ಪಂಪ್ ಎಳೆದುಕೊಳ್ಳುತ್ತದೆ. ಪಂಪ್ ಜೋರಾಗಿ ತಿರುಗಿದಷ್ಟೂ ಎಳೆತ ಜಾಸ್ತಿ, ಬಿಸಿಗೆ ರಬ್ಬರೂ ಮೆತ್ತಗೆ. ನೀರು ಹೆಚ್ಚು ಬೇಕಾದ ಹೊತ್ತಿಗೇ ದಾರಿ ಮುಚ್ಚುತ್ತಿತ್ತು, ಸ್ಲೋನಲ್ಲಿ ಬಿಟ್ಟರೆ ತೆರೆಯುತ್ತಿತ್ತು. ಡ್ರೈವರ್ ಫೋನಿನಲ್ಲೇ ಹೇಳಿದ್ದ! ಇದನ್ನು ನೋಡುವಾಗ ಮುಚ್ಚಳ ಹಾಕಿರಲೇಬೇಕು. ತೆಗೆದಿದ್ದರೆ ಒಳಗೆ ಒತ್ತಡ ಇರುವುದಿಲ್ಲ, ಒಳ್ಳೆ ಪೈಪೂ ಒಳಕ್ಕೆ ಹೋಗಬಹುದು.

ಗುಜರಿ ರಾಶಿಯಲ್ಲಿ ಹಳೇ ಪೈಪು ಇನ್ನೂ ಬಿದ್ದಿತ್ತು. ಬಾಯಿ ಬಿಡಿಸಿ ನೋಡಿದರೆ ಒಳಗೆ ತುಕ್ಕು ಹಿಡಿದ ಸ್ಪ್ರಿಂಗ್. ಚಪ್ಪಟೆಯಾಗದಿರಲಿ ಅಂತಲೇ ಕಂಪನಿಯವರು ಇಟ್ಟದ್ದು. ನಾನು ಪೈಪಿನ ಜೊತೆ ಅದನ್ನೂ ಎಸೆದಿದ್ದೆ. ಸ್ಪ್ರಿಂಗ್ ಇಲ್ಲದೆಯೂ ತಡೆಯುವ ಗಟ್ಟಿ ಪೈಪುಗಳು ಬರುತ್ತವೆ, ನಾನು ತಂದದ್ದು ಅಂಥದ್ದಲ್ಲ, ಇನ್ನೂರು ರೂಪಾಯಿ ಉಳಿಸಿದ್ದೆ. ಮಾಲೀಕರಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರು ಏನೂ ಅನ್ನಲಿಲ್ಲ, ಅದೇ ಜಾಸ್ತಿ ಚುಚ್ಚಿತು. ಸ್ಪ್ರಿಂಗ್ ಇರುವ ಹೊಸ ಪೈಪು, ಕೂಲೆಂಟ್, ಎರಡೂ ನನ್ನ ಲೆಕ್ಕ.

ಮುಂದಿನ ವಾರ ರಾತ್ರಿ ಎಂಟೂವರೆಗೆ ಮತ್ತೆ ಫೋನು. "ಅಣ್ಣೋ, ಮದ್ದೂರಲ್ಲಿವ್ನಿ."

"ಯಾವ ಮದ್ದೂರ್ಲಾ?"

"ವಡೆ ಸಿಗದಿರೋ ಮದ್ದೂರು. ಗೇಟ್ ದಾಟ್ತಾ ಇವ್ನಿ, ಮುಳ್ಳು ಅರ್ಧದಲ್ಲದೆ."